ವಾರ್ಸಾ ಚೌಕ: ಊರು ಸುಟ್ಟರೂ ನಕ್ಷೆ ಉಳೀತು

ಪ್ರಾಜೆಕ್ಟ್ ಕೆಲಸಕ್ಕೆ ಪುಣೆಯಿಂದ ಪೋಲೆಂಡ್‌ಗೆ ಹೋಗಿದ್ದಾಗ, ಒಂದು ಭಾನುವಾರ ವಾರ್ಸಾದ ಹಳೇ ಪೇಟೆಯ ಮಾರುಕಟ್ಟೆ ಚೌಕ ನೋಡಲು ಹೋದೆ. ಸುಮಾರು 90 ಮೀಟರ್ ಉದ್ದ, 73 ಮೀಟರ್ ಅಗಲ. ನಾಲ್ಕೂ ಬದಿಗೆ ಒಂದಕ್ಕೊಂದು ಅಂಟಿಕೊಂಡ ಬಣ್ಣದ ಮನೆಗಳು, ನಡುವೆ ಕತ್ತಿ ಎತ್ತಿದ ಮತ್ಸ್ಯಕನ್ಯೆಯ ಪ್ರತಿಮೆ. ಏನಿಲ್ಲಾಂದ್ರೂ ನಾನೂರು ವರ್ಷ ಹಳೇದು ಅಂದ್ಕೊಂಡೆ. ಜೊತೆಗಿದ್ದ ಅಲ್ಲಿನ ಸಹೋದ್ಯೋಗಿ ನಕ್ಕು, "ಈ ಮನೆಗಳಿಗಿಂತ ನಮ್ಮಜ್ಜಿಗೇ ವಯಸ್ಸು ಜಾಸ್ತಿ" ಅಂದ.

ಅವನು ಹೇಳಿದ್ದು ನಿಜ. 1944ರ ಆಗಸ್ಟ್ 1ರಂದು ವಾರ್ಸಾದಲ್ಲಿ ನಾಜಿಗಳ ವಿರುದ್ಧ ದಂಗೆ ಶುರುವಾಯ್ತು. 63 ದಿನ ಹೋರಾಡಿ ಸೋತರು. ಆಮೇಲೆ ಜರ್ಮನ್ ಪಡೆಗಳು ಸಾಲು ಸಾಲಾಗಿ ಕಟ್ಟಡಗಳನ್ನು ಸುಟ್ಟು, ಸಿಡಿಮದ್ದಿಟ್ಟು ಉರುಳಿಸಿದವು. ನಗರದ ಐತಿಹಾಸಿಕ ಭಾಗದಲ್ಲಿ ಶೇ. 85ಕ್ಕೂ ಹೆಚ್ಚು ನಾಶವಾಯ್ತು.

ಹಾಗಾದ್ರೆ ಮತ್ತೆ ಕಟ್ಟಿದ್ದು ಹೇಗೆ? ಯುದ್ಧಕ್ಕೆ ಮೊದಲೇ ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಹಳೇ ಕಟ್ಟಡಗಳನ್ನು ಅಳೆದು ನಕ್ಷೆ ಬರೆದಿದ್ದರು. ದಂಗೆಯ ನಂತರ ಅವರ ಪ್ರಾಧ್ಯಾಪಕರು ಆ ನಕ್ಷೆಗಳನ್ನು ಗುಟ್ಟಾಗಿ ಸಾಗಿಸಿ, ಪಿಯೋತ್ರ್‌ಕುಫ್ ಪಟ್ಟಣದ ಒಂದು ಕ್ರೈಸ್ತ ಮಠದಲ್ಲಿ ಬಚ್ಚಿಟ್ಟರು. 1945ರಲ್ಲಿ ಪುನರ್ನಿರ್ಮಾಣ ಕಚೇರಿ ಕೆಲಸ ಶುರು ಮಾಡಿದಾಗ ಅವೇ ಆಧಾರವಾದವು. ಹಳೇ ಫೋಟೋಗಳ ಜೊತೆಗೆ, ನಗರದ ಬೀದಿಗಳಿಗೆ 18ನೇ ಶತಮಾನದ ಕಲಾವಿದ ಬೆಲ್ಲೊತ್ತೊನ ಚಿತ್ರಗಳೂ ನೆರವಾದವು. 1953ರಲ್ಲಿ ಚೌಕ ಮತ್ತೆ ತೆರೆಯಿತು. 1980ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಇದು ನಕಲು ಅಲ್ವಾ ಅಂತ ಕೇಳಬಹುದು. ಸಂಪೂರ್ಣ ಮೊದಲಿನ ಹಾಗೇನೂ ಇಲ್ಲ. ಹೊರಮುಖ ಹಳೇದು, ಒಳಗೆ ಹೊಸ ಫ್ಲಾಟ್‌ಗಳು. ಸತ್ತವರಂತೂ ವಾಪಸ್ ಬರಲಿಲ್ಲ. ಆದರೂ ಬದುಕುಳಿದವರಿಗೆ ತಮ್ಮ ಊರಿನ ಗುರುತು ಸಿಕ್ಕಿತು.

ಅಲ್ಲಿ ನಿಂತಾಗ ನನಗೆ ನೆನಪಾಗಿದ್ದು ಹಾಸನದ ಕಡೆ ಇದ್ದ ನಮ್ಮಜ್ಜನ ತೊಟ್ಟಿಮನೆ. ಪಾಲಾದ ಮೇಲೆ ಅದನ್ನು ಕೆಡವಿದರು. ಅದರ ಮೇಲೆ ಯಾರೂ ಬಾಂಬ್ ಹಾಕಿರಲಿಲ್ಲ. ನಾವೇ ಸಹಿ ಹಾಕಿದ್ದು. ಆಫೀಸಿನ ಡೇಟಾಗೆ ದಿನಾ ಬ್ಯಾಕಪ್ ತಗೊಳ್ಳೋ ನನ್ನ ಹತ್ತಿರ ಆ ಮನೆಯದು ಉಳಿದಿರೋದು ಜಗಲಿ ಅರ್ಧ ಕಾಣೋ ಒಂದು ಮದುವೆ ಫೋಟೋ ಮಾತ್ರ. ತೊಟ್ಟಿಗೆ ಎಷ್ಟು ಕಂಬ ಇದ್ದವು ಅಂತ ಅಮ್ಮನಿಗೂ ಚಿಕ್ಕಪ್ಪನಿಗೂ ಈಗಲೂ ವಾದ ನಡೀತಿದೆ.

ನಿಮ್ಮ ಊರಿನ ಮನೆ ಇನ್ನೂ ನಿಂತಿದ್ರೆ, ಈ ಸಲ ಹಬ್ಬಕ್ಕೆ ಹೋದಾಗ ಒಂದು ಟೇಪ್ ತಗೊಂಡು ಹೋಗಿ. ಅಳೆದು ಬರೆದಿಡಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.