ಅತ್ತಿಮಬ್ಬೆ, ಲಕ್ಕಲೆ, ಶಾಂತಲಾ: ಹೆಣ್ಣುಮಗುವಿನ ಹೆಸರಿನ ಬರಹ ಮತ್ತು ಉಚ್ಚಾರಣೆ

ಕವಿಚಕ್ರವರ್ತಿ ರನ್ನನು ತನ್ನ ಮಕ್ಕಳಿಬ್ಬರಿಗೂ ತನ್ನನ್ನು ಪೊರೆದವರ ಹೆಸರುಗಳನ್ನೇ ಇಟ್ಟನು. ಮಗನ ಹೆಸರು ರಾಯ. ಅದು ಚಾವುಂಡರಾಯನ ಸ್ಮರಣೆ. ಮಗಳ ಹೆಸರು ಅತ್ತಿಮಬ್ಬೆ. ಅದು 993ರಲ್ಲಿ ಪೂರ್ಣಗೊಂಡ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತ ದಾನಚಿಂತಾಮಣಿಯ ಸ್ಮರಣೆ. ಹಳಗನ್ನಡ ಕಾಲದ ತಂದೆಯೊಬ್ಬನು ಮಗಳಿಗೆ ಇಂಥದೇ ಹೆಸರನ್ನು ಏಕೆ ಆಯ್ದನೆಂಬುದು ಇಷ್ಟು ನಿಚ್ಚಳವಾಗಿ ತಿಳಿದುಬರುವ ಸಂದರ್ಭಗಳು ನಮ್ಮ ಸಾಹಿತ್ಯಚರಿತ್ರೆಯಲ್ಲಿ ವಿರಳ.

ಆ ಹೆಸರಿನ ರೂಪವನ್ನೂ ಗಮನಿಸಬೇಕು. ಸಂಸ್ಕೃತದಲ್ಲಿ ಪ್ರೌಢನಾದ ಕವಿಗೆ ದೀರ್ಘ ಸಮಾಸದ ಹೆಸರೊಂದನ್ನು ಕಟ್ಟುವುದು ಕಷ್ಟದ ಮಾತಾಗಿರಲಿಲ್ಲ. ಆದರೂ ಮಗಳಿಗೆ ಬಂದುದು ‘ಅಬ್ಬೆ’ ಎಂಬ ಅಚ್ಚಗನ್ನಡ ತಾಯಿಮಾತಿನಲ್ಲಿ ಮುಗಿಯುವ ಹೆಸರು. ಸ್ವತಃ ಕವಿಯ ಹೆಸರೇ ‘ರತ್ನ’ ಶಬ್ದದ ತದ್ಭವ. ಅವನ ತಾಯಿ ಅಬ್ಬಲಬ್ಬೆ, ಹೆಂಡಿರು ಜಕ್ಕಿ ಮತ್ತು ಶಾಂತಿ. ಪಂಪನ ತಾಯಿಯಾದರೋ ಅಬ್ಬಣಬ್ಬೆ. ಇಬ್ಬರು ಮಹಾಕವಿಗಳ ತಾಯಂದಿರ ಹೆಸರುಗಳಿಗೆ ಒಂದೇ ಅಕ್ಷರದ ಅಂತರ! ಜಕ್ಕಿ ಎಂದರೆ ಯಕ್ಷಿ. ಆದಿಯ ಯಕಾರವು ಜಕಾರವಾಗಿ, ‘ಕ್ಷ’ವು ‘ಕ್ಕ’ವಾಗಿ ಈ ರೂಪ ಬಂದಿದೆ. ರನ್ನನ ಮನೆಯಲ್ಲಿ ತದ್ಭವದ ಜಕ್ಕಿಯೂ ತತ್ಸಮದ ಶಾಂತಿಯೂ ಒಟ್ಟಿಗೆ ಇದ್ದರು. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತನ್ನು ಆಳಿ, ಬಂದಣಿಕೆಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ಜಕ್ಕಿಯಬ್ಬೆಯ ಹೆಸರಿನಲ್ಲಿಯೂ ಇದೇ ಯಕ್ಷಿ ಇದ್ದಾಳೆ. ನಾಡೊಂದರ ಆಡಳಿತ ನಡೆಸಿದವಳನ್ನು ‘ಯಕ್ಷಿ’ ಎಂದು ತಿದ್ದಿ ಬರೆಯಬೇಕೆಂದು ಶಾಸನಕವಿಗೆ ತೋರಲಿಲ್ಲ.

ಇದನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವುಂಟು. ಹೆಣ್ಣುಮಗು ಹುಟ್ಟಿದ ಮನೆಗಳಲ್ಲಿ ಇಂದು ಎದುರಾಗುವ ಪ್ರಶ್ನೆ ಹೆಸರಿನ ಅರ್ಥದ್ದಷ್ಟೇ ಅಲ್ಲ. ‘ಶುದ್ಧವಾದ ರೂಪ ಯಾವುದು’ ಎಂಬುದೂ ಹೌದು. ಶುದ್ಧಿ ಎಂದರೆ ಸಂಸ್ಕೃತದ ಕಾಗುಣಿತವೆಂದು ಬಹುಮಂದಿ ವಿಚಾರಿಸದೆಯೇ ಒಪ್ಪಿಬಿಟ್ಟಿದ್ದಾರೆ. ಜೈನ ಪರಂಪರೆಯ ಆಕರಗಳು ಈ ನಂಬಿಕೆಯನ್ನು ಎತ್ತಿಹಿಡಿಯುವುದಿಲ್ಲ.

ಮೊದಲು ನಾಮಕರ್ಮವನ್ನು ನೋಡಬಹುದು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ‘ಆದಿಪುರಾಣ’ದಲ್ಲಿ ಗರ್ಭಾನ್ವಯ ಕ್ರಿಯೆಗಳ ನಡುವೆ ಇದರ ವಿಧಾನವಿದೆ. ಹುಟ್ಟಿದ ಹನ್ನೆರಡು ದಿನಗಳ ಅನಂತರ ಶುಭದಿನದಲ್ಲಿ ಹೆಸರಿಡಬೇಕು. ಜಿನನ 1008 ನಾಮಗಳಿಂದ ಒಂದನ್ನು ‘ಘಟಪತ್ರ’ ವಿಧಾನದಿಂದ, ಎಂದರೆ ಹೆಸರುಗಳನ್ನು ಬರೆದ ಪತ್ರಗಳನ್ನು ಕೊಡದಲ್ಲಿಟ್ಟು ಒಂದನ್ನು ಎತ್ತಿ, ಆರಿಸಿಕೊಳ್ಳಲೂ ಬಹುದು. ಇಲ್ಲಿ ಹೆಸರು ಕಿವಿಗೆ ಬೀಳುವ ಮೊದಲೇ ಬರಹವಾಗಿರುತ್ತದೆ. ಆದರೆ ಆ ಸಹಸ್ರನಾಮಗಳು ಜಿನನನ್ನು ಕುರಿತವು, ಪುಲ್ಲಿಂಗದವು. ಹೆಣ್ಣುಮಗುವಿಗೆ ಅವು ಒಗ್ಗಬೇಕಾದರೆ ನಾಲಿಗೆಯೂ ಪ್ರತ್ಯಯವೂ ಕೆಲಸ ಮಾಡಲೇಬೇಕು. ಕನ್ನಡದಲ್ಲಿ ಆ ಕೆಲಸವನ್ನು ಅಬ್ಬೆ, ಅವ್ವೆ, ಅಕ್ಕ, ಅಲೆಗಳು ಮಾಡಿದವು.

ಅದೇ ಪುರಾಣದಲ್ಲಿ ಇನ್ನೊಂದು ಪ್ರಸಂಗವಿದೆ. ವೃಷಭನಾಥನು ತನ್ನ ಹೆಣ್ಣುಮಕ್ಕಳಲ್ಲಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸುತ್ತಾನೆ. ಪಂಪನ ಕನ್ನಡ ಕಾವ್ಯದಲ್ಲಿಯೂ ಈ ಸೋದರಿಯರಿದ್ದಾರೆ. ಲಿಪಿಗೆ ಬ್ರಾಹ್ಮಿ ಎಂಬ ಹೆಸರು ಆ ಮಗಳಿಂದ ಬಂದಿತೆಂಬುದು ಜೈನರ ನಂಬಿಕೆ. ಆದರೆ ಅರ್ಧಮಾಗಧಿ ಆಗಮಗಳಲ್ಲಿ ಅವಳು ಬ್ರಾಹ್ಮಿಯಲ್ಲ, ‘ಬಂಭೀ’. ‘ಭಗವತೀಸೂತ್ರ’ದ ಆರಂಭದಲ್ಲಿ ಲಿಪಿಗೆ ಸಲ್ಲುವ ನಮಸ್ಕಾರವೂ ಈ ಪ್ರಾಕೃತ ಹೆಸರಿನಲ್ಲಿಯೇ ಇದೆ. ಅಕ್ಷರಕ್ಕೆ ಹೆಸರು ಕೊಟ್ಟ ಮಗಳ ಹೆಸರಿಗೇ ಎರಡು ಅಕ್ಷರರೂಪಗಳು, ಎರಡೂ ಪೂಜ್ಯ! ಆಗಮಗಳ ಭಾಷೆಯೇ ಪ್ರಾಕೃತವಾಗಿರುವಾಗ ‘ಬಂಭೀ’ ಎಂಬುದನ್ನು ಕೆಟ್ಟುಹೋದ ‘ಬ್ರಾಹ್ಮೀ’ ಎನ್ನಲು ಬರುವುದಿಲ್ಲ. ಉಚ್ಚಾರಣೆಯ ದೃಷ್ಟಿಯಿಂದಲೂ ಇದು ಕುತೂಹಲಕರ. ‘ಬ್ರಾಹ್ಮಿ’ ಎಂದು ಬರೆದುಕೊಂಡು ಓದುವ ನಾವು ಬಾಯಲ್ಲಿ ಹಕಾರವನ್ನು ಹಿಂದಕ್ಕೆ ತಳ್ಳಿ ‘ಬ್ರಾಮ್ಹಿ’ ಎನ್ನುತ್ತೇವೆ. ಪ್ರಾಕೃತವು ಇದೇ ಸ್ಥಾನಪಲ್ಲಟವನ್ನು ಬರಹದಲ್ಲಿ ಒಪ್ಪಿಕೊಂಡಿತು. ಕನ್ನಡವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಬ್ರಹ್ಮ’ನನ್ನು ಬಮ್ಮ, ಬೊಮ್ಮ ಮಾಡಿತು. ಹೊಯ್ಸಳ ವಿಷ್ಣುವರ್ಧನನ ರಾಣಿ ಬಮ್ಮಲದೇವಿಯ ಹೆಸರಿನ ಬೇರು ಇಲ್ಲಿದೆ.

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಮಾರ್ಪಾಟುಗಳಿಗೆ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟನು. ‘ಅಪಭ್ರಂಶ’ವೆಂದರೆ ಜಾರಿಬಿದ್ದುದು ಎಂದು ಅರ್ಥವಾದರೂ ಅವನ ಬರವಣಿಗೆಯಲ್ಲಿ ಅದು ಬೈಗುಳವಲ್ಲ, ಪರಿಭಾಷೆ. ಶಕಾರ ಷಕಾರಗಳು ಸಕಾರವಾಗುವುದು, ಮಹಾಪ್ರಾಣಗಳು ಅಲ್ಪಪ್ರಾಣಗಳಾಗುವುದು ಇವೆಲ್ಲ ಅವನಿಗೆ ಸೂತ್ರಬದ್ಧ ವ್ಯವಹಾರ. ಸೂತ್ರವುಳ್ಳದ್ದು ತಪ್ಪಾಗುವುದಾದರೂ ಹೇಗೆ?

ಶ್ರವಣಬೆಳಗೊಳದ ಶಾಸನಗಳು ಈ ವಿಷಯದಲ್ಲಿ ಅತ್ಯಂತ ಸಮೃದ್ಧವಾದ ಆಕರ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚಂದ್ರಗಿರಿಯ ಕತ್ತಲೆ ಬಸದಿಯನ್ನು ತನ್ನ ತಾಯಿಗಾಗಿ ಕಟ್ಟಿಸಿದನು. ಆ ತಾಯಿ ಪೋಚವ್ವೆ. ಅವಳೇ ಪೋಚಿಕಬ್ಬೆ, ಅವಳೇ ಪೋಚಲದೇವಿ. ಹೆಸರಿನ ತಿರುಳು ‘ಪೋಚ’. ಉಳಿದುದು ಮನೆಯ ಸಲುಗೆ, ಗೌರವ, ಪದ್ಯವಾದರೆ ಛಂದಸ್ಸಿನ ಅಗತ್ಯ. ಗಂಗರಾಜನ ಪತ್ನಿಯು ಲಕ್ಷ್ಮಿ, ಲಕ್ಷ್ಮೀಮತಿ ಎಂದು ಪ್ರಸಿದ್ಧಳು, ಲಕ್ಕಲೆಯೂ ಅವಳೇ. ಎರಡುಕಟ್ಟೆ ಬಸದಿ ಅವಳು ಕಟ್ಟಿಸಿದುದು. ಸಂಸ್ಕೃತ ರೂಪವನ್ನು ಬಲ್ಲವರೇ ಕನ್ನಡ ರೂಪವನ್ನೂ ಬಳಸಿದರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ‘ಲಕ್ಕಲೆ’ಯು ಅಜ್ಞಾನದ ಫಲವಾಗಿರಲಿಲ್ಲ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ಖ್ಯಾತಳಾದ ಅತ್ತಿಮಬ್ಬೆಯೇ ‘ಅತ್ತಿಯಬ್ಬೆ’ ಎಂಬ ಇನ್ನೊಂದು ರೂಪದಲ್ಲಿಯೂ ಕಾಣಿಸುತ್ತಾಳೆ. ಅಷ್ಟೊಂದು ಲಿಪಿಕಾರರನ್ನು ದುಡಿಸಿದವಳ ಹೆಸರೇ ಒಂದು ಕಾಗುಣಿತದಲ್ಲಿ ನಿಲ್ಲಲಿಲ್ಲ.

ವಿರುದ್ಧ ದಿಕ್ಕಿನ ಚಲನೆ ಕಾಣುವುದು ನಮ್ಮ ಕಾಲದಲ್ಲಿ. 1123ರ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಪಟ್ಟಮಹಿಷಿ ಶಾಂತಲದೇವಿ. ಲಕಾರ ಹ್ರಸ್ವ, ಅಚಲ, ಚಟ್ಟಲ, ಏಚಲ, ಬಮ್ಮಲಗಳ ಸಾಲಿನ ಕನ್ನಡ ರಚನೆ ಅದು. ಒಂಟಿಯಾಗಿ ನಿಂತರೆ ‘ಶಾಂತಲೆ’. ಕೆ.ವಿ. ಅಯ್ಯರ್ ಅವರ ಕಾದಂಬರಿಗೆ ‘ಶಾಂತಲಾ’ ಎಂದು ಹೆಸರು. ಶಾಲೆಯ ಹಾಜರಿ ಪುಸ್ತಕಗಳಲ್ಲಿ ನಾವು ಕಂಡ ಹುಡುಗಿಯರೂ ಶಾಂತಲಾಗಳೇ. ಕನ್ನಡದ ಹೆಸರಿಗೆ ಸಂಸ್ಕೃತದ ಆಕಾರಾಂತ ವೇಷವನ್ನು ತೊಡಿಸಿದಂತಾಯಿತು. ಮಾಲಾ ಶಬ್ದವು ಕನ್ನಡಕ್ಕೆ ಬಂದಾಗ ಮಾಲೆ, ಸೀತಾ ಸೀತೆ, ಅಹಲ್ಯಾ ಅಹಲ್ಯೆ. ಇದು ಕನ್ನಡದ ಹಳೆಯ ನಿಯಮ. ಈಗ ವಿದ್ಯೆ ಕಲಿಯುವಂಥದು, ವಿದ್ಯಾ ಕಲಿಯುವವಳು. ಕವಿತೆ ಓದುವಂಥದು, ಕವಿತಾ ಓದುವವಳು. ವಸ್ತುವಿನಿಂದ ವ್ಯಕ್ತಿಯನ್ನು ಬೇರ್ಪಡಿಸುವ ಈ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ಶಾಂತಲೆ’ ಎಂದು ಹೆಸರಿಟ್ಟ ತಂದೆತಾಯಿಗೆ ‘ಇದು ತಪ್ಪು, ಶಾಂತಲಾ ಎನ್ನಿ’ ಎಂದು ತಿದ್ದುವುದನ್ನು ಮಾತ್ರ ಒಪ್ಪಲಾಗದು.

ಈ ಗೊಂದಲಕ್ಕೆ ರೋಮನ್ ಲಿಪಿ ತನ್ನದನ್ನೂ ಸೇರಿಸಿದೆ. ಅಲ್ಲಿ ಹ್ರಸ್ವ ಅಕಾರಕ್ಕೂ ದೀರ್ಘ ಆಕಾರಕ್ಕೂ ಒಂದೇ ‘ಎ’. ಲಕಾರ ಳಕಾರಗಳಿಗೆ ಒಂದೇ ‘ಎಲ್’. ನಾವು ತಕಾರಕ್ಕೆ ‘ಟಿ’ಯ ಜೊತೆ ‘ಎಚ್’ ಸೇರಿಸಿ ‘ಲತಾ’ ಎಂದು ಬರೆದರೆ ಉತ್ತರದವರು ಅದನ್ನು ‘ಲಥಾ’ ಎಂದು ಓದಿಯಾರು. ಜನ್ನನ ‘ಯಶೋಧರಚರಿತೆ’ಯ ಅಮೃತಮತಿಯನ್ನು ಕನ್ನಡಿಗರು ‘ಅಮ್ರುತ’ಮತಿ ಎನ್ನುತ್ತಾರೆ, ಹಿಂದಿಯವರು ‘ಅಮ್ರಿತ’ಮತಿ ಎನ್ನುತ್ತಾರೆ, ಋಕಾರವನ್ನು ಸ್ವರವಾಗಿ ಉಚ್ಚರಿಸುವವರು ಎರಡು ಕಡೆಯೂ ಇಲ್ಲ. ಹಾಗಿರುವಾಗ ರುಕಾರವನ್ನು ನಾಚಿಕೆಯಿಂದ ರಿಕಾರಕ್ಕೆ ಬದಲಿಸಿಕೊಳ್ಳುವ ಕಾರಣವೇನು?

1969ರ ಜನನ ಮರಣ ನೋಂದಣಿ ಕಾಯಿದೆಯಡಿ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ತಡವಾದುದರ ಶುಲ್ಕ ತೆತ್ತು, ಹೆಸರನ್ನು ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಆ ದಿನದಿಂದ ಮುಂದೆ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿನ ದಿನಕ್ಕೂ ಸ್ಥಳಕ್ಕೂ ಆಧಾರ. ಪೋಚವ್ವೆಯಂತೆ ಮೂರು ರೂಪಗಳಲ್ಲಿ ಬಾಳುವ ಸ್ವಾತಂತ್ರ್ಯ ಇನ್ನು ಹುಟ್ಟುವ ಹುಡುಗಿಗೆ ಇಲ್ಲ. ಆದ್ದರಿಂದ ಅರ್ಜಿ ತುಂಬುವ ಮುನ್ನ ಮಾಡಬೇಕಾದುದು ಇಷ್ಟು: ಹೆಸರನ್ನು ಮೊದಲು ಕನ್ನಡದಲ್ಲಿ ಬರೆದು, ಮನೆಯ ಹಿರಿಯರಿಂದ ಎರಡು ಸಲ ಗಟ್ಟಿಯಾಗಿ ಕರೆಯಿಸಿ, ಆ ದನಿಗೆ ಹತ್ತಿರವಾದ ರೋಮನ್ ಅಕ್ಷರಗಳನ್ನು ಕೊನೆಗೆ ಹುಡುಕುವುದು.