ಹಿಗ್ಗುವ ಚಿಕಿತ್ಸಾ ಟೇಪ್ ಮತ್ತು ಶಸ್ತ್ರಚಿಕಿತ್ಸೆಯ ನಂತರದ ಬಾವು

ಜಪಾನಿನ ಕೈರೋಪ್ರಾಕ್ಟರ್ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ ಹಿಗ್ಗುವ ಹತ್ತಿಯ ಅಂಟುಪಟ್ಟಿಗೆ ಲೋಕಖ್ಯಾತಿ ಸಿಕ್ಕಿದ್ದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ. ಬಾವು ಇಳಿಸಲು ಅದನ್ನು ಬಳಸುವ ವಿಚಾರದ ಬೇರು ಮಾತ್ರ ಇನ್ನೂ ಹಳೆಯದು. ಕೊಯ್ದ ಜಾಗದಲ್ಲಿ ರಕ್ತನಾಳಗಳಿಂದ ಸೋರಿ ನಿಂತ ದ್ರವದ ಒಂದು ಪಾಲನ್ನು ಮರಳಿ ಒಯ್ಯುವುದು ದುಗ್ಧನಾಳಗಳ ಕೆಲಸ. ಚರ್ಮದಡಿಯ ಸಣ್ಣ ದುಗ್ಧನಾಳಗಳು ಸೂಕ್ಷ್ಮ ಎಳೆಗಳಿಂದ ಸುತ್ತಲ ಅಂಗಾಂಶಕ್ಕೆ ಬಿಗಿದುಕೊಂಡಿರುತ್ತವೆ. ಎಳೆ ಜಗ್ಗಿದರೆ ನಾಳದ ಬಾಯಿ ತೆರೆಯುತ್ತದೆ. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡರ್ ಹಗುರವಾದ ಕೈನೀವುವಿಕೆಯಿಂದ ದುಗ್ಧರಸ ಹರಿಸುವ ಕ್ರಮವನ್ನು ಬಳಕೆಗೆ ತಂದರು. ನೀವುವ ಕೈ ಹೋದ ಮೇಲೂ ಚರ್ಮವನ್ನು ಮೆಲ್ಲಗೆ ಜಗ್ಗುತ್ತಿರಲಿ ಎಂಬುದೇ ಟೇಪಿನ ತರ್ಕ. ಅದಕ್ಕಾಗಿ ಅದನ್ನು ಬೀಸಣಿಗೆಯಂತೆ ಸೀಳಿ, ಬುಡವನ್ನು ದುಗ್ಧಗ್ರಂಥಿಗಳ ಕಡೆಗಿಟ್ಟು, ಹೆಚ್ಚು ಎಳೆಯದೆ ಅಂಟಿಸುತ್ತಾರೆ.

ತರ್ಕ ಎಷ್ಟೇ ಚೆನ್ನಾಗಿದ್ದರೂ ಅದು ಪುರಾವೆಯಾಗುವುದಿಲ್ಲ. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ತೋಳಿನ ಬಾವಿನಲ್ಲಿ ಟೇಪು ಬ್ಯಾಂಡೇಜಿನ ಬದಲಿಗೆ ಬರಬಹುದೆಂದು 2009ರಲ್ಲಿ ತೈವಾನಿನ ಅಧ್ಯಯನವೊಂದು ಸೂಚಿಸಿತ್ತು. 2013ರ ಪೋಲೆಂಡಿನ ಪ್ರಯೋಗದಲ್ಲಿ ಹಲವು ಪದರದ ಬಿಗಿ ಬ್ಯಾಂಡೇಜೇ ಸ್ಪಷ್ಟವಾಗಿ ಮೇಲುಗೈ ಪಡೆಯಿತು. ಹಾಗಾದರೆ ಟೇಪು ಬರೀ ನಂಬಿಕೆಯೇ? ಹಾಗೆನ್ನುವುದು ಆತುರದ ತೀರ್ಪು. ತೋಳಿಗೆ ಬ್ಯಾಂಡೇಜು ಸುತ್ತಬಹುದು. ಉಸಿರು, ಊಟ, ಮಾತು ನಡೆಯಬೇಕಾದ ಮುಖಕ್ಕೆ ಹಾಗೆ ಬಿಗಿಯುವುದು ಕಷ್ಟ. ಟೇಪಿನ ಪರವಾದ ಗಟ್ಟಿ ಸಾಕ್ಷ್ಯ ಸಿಕ್ಕಿರುವುದೂ ಅಲ್ಲಿಯೇ. ಜರ್ಮನಿಯಲ್ಲಿ ಒಲಿವರ್ ರಿಸ್ಟೊ ಮತ್ತು ಸಂಗಡಿಗರು 2013ರ ಸುಮಾರಿಗೆ ದವಡೆ ಮುರಿತ ಹಾಗೂ ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆಗಳ ನಂತರ ಟೇಪು ಹಚ್ಚಿದವರನ್ನೂ ಹಚ್ಚದವರನ್ನೂ ಹೋಲಿಸಿದರು. ಹಚ್ಚಿದವರಲ್ಲಿ ಬಾವು ಕಡಿಮೆಯಿತ್ತು. ಮೈಮೇಲೆ ಕಾಣುವ ಟೇಪನ್ನು ರೋಗಿಯಿಂದ ಮರೆಮಾಚಲಾಗದು, ಆದ್ದರಿಂದ ಇದು ಮನಸ್ಸಿನ ಪ್ರಭಾವವಿರಬಹುದು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಮನಸ್ಸಿನ ಪ್ರಭಾವ ಮೊದಲು ಕಾಣಬೇಕಾದದ್ದು ನೋವಿನಲ್ಲಿ. ದವಡೆ ಮುರಿತದ ಪ್ರಯೋಗದಲ್ಲಿ ಬಾವು ಇಳಿದರೂ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬುದ್ಧಿಹಲ್ಲಿನ ಪ್ರಯೋಗದಲ್ಲಿ ನೋವೂ ತಗ್ಗಿತ್ತೆಂಬುದು ನಿಜ. ಭಾಗವಹಿಸಿದವರ ಸಂಖ್ಯೆಯೂ ಎರಡರಲ್ಲೂ ಚಿಕ್ಕದು. ಆದ್ದರಿಂದ ಮುಖದ ಮೇಲೆ ಕಂಡ ಫಲವನ್ನು ಮೊಣಕಾಲಿಗೋ ತೋಳಿಗೋ ಹಾಗೆಯೇ ದಾಟಿಸುವಂತಿಲ್ಲ. ಆಯಾ ಅಂಗಕ್ಕೆ ಬೇರೆ ಪ್ರಯೋಗವೇ ಬೇಕು. ತೆರೆದ ಗಾಯ, ಸೋಂಕು ತಗುಲಿದ ಚರ್ಮ, ಅಂಟಿನ ಅಲರ್ಜಿ ಇದ್ದಲ್ಲಿ ಟೇಪು ಸಲ್ಲದು. ಶಸ್ತ್ರಚಿಕಿತ್ಸೆಯ ನಂತರ ಒಂದೇ ಕಾಲು ಬಾತು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯನ್ನು ವೈದ್ಯರು ಮೊದಲು ತಳ್ಳಿಹಾಕಬೇಕು.