ಉಚಿತ ಸಂಗೀತವೂ ಹಳೆಯ ಪೇಟೆಯೂ: ಅಮೆರಿಕದ ಸಣ್ಣ ಪಟ್ಟಣಗಳ ಪುನರುಜ್ಜೀವನವನ್ನು ಕುರಿತ ಒಂದು ವಿವೇಚನೆ

ನಮ್ಮ ಶಾಸನಗಳನ್ನು ಓದಿದವರಿಗೆ 'ಅಂಗಭೋಗ ರಂಗಭೋಗ' ಎಂಬ ಮಾತು ಚಿರಪರಿಚಿತವಾದುದು. ದೇವಾಲಯದಲ್ಲಿ ನಡೆಯುತ್ತಿದ್ದ ಗೀತ, ವಾದ್ಯ, ನೃತ್ಯಗಳ ವೆಚ್ಚಕ್ಕಾಗಿ ಅರಸನೋ ಅಧಿಕಾರಿಯೋ ವರ್ತಕರ ಸಮೂಹವೋ ಭೂಮಿಯನ್ನಾಗಲಿ ಸುಂಕದ ಒಂದು ಪಾಲನ್ನಾಗಲಿ ಬಿಟ್ಟುಕೊಡುತ್ತಿದ್ದುದುಂಟು. ದಾನಿ ಯಾರು, ದತ್ತಿ ಎಷ್ಟು, ಅದು ಎಷ್ಟು ಕಾಲ ನಡೆಯತಕ್ಕದ್ದು ಎಂಬುದನ್ನೆಲ್ಲ ಶಾಸನವು ವಿವರವಾಗಿ ಹೇಳುತ್ತದೆ. ಕೇಳುಗನು ಹಣ ತೆರದೆ ಕೇಳುವ ಸಂಗೀತಕ್ಕೂ ಬೆಲೆಯೊಂದಿದೆ, ಅದನ್ನು ಯಾರೋ ತೆತ್ತಿರುತ್ತಾರೆ ಎಂಬುದು ಇದರಿಂದ ವಿದಿತವಾಗುತ್ತದೆ. ಚರಿತ್ರೆಯ ವಿದ್ಯಾರ್ಥಿಯು ಉಚಿತ ಸಂಗೀತವನ್ನು ಕಂಡಲ್ಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಇದರ ವೆಚ್ಚವನ್ನು ಹೊತ್ತವರು ಯಾರು, ಯಾವ ಏರ್ಪಾಡಿನಿಂದ ಹೊತ್ತರು?

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಣ್ಣ ಪಟ್ಟಣಗಳಿಗೆ ಈ ಪ್ರಶ್ನೆಯನ್ನು ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ಹಳೆಯ ಪೇಟೆಗಳು ಬರಿದಾದವು. ಅದೇ ಶತಮಾನದ ಕೊನೆಯ ಕಾಲುಭಾಗದಲ್ಲಿ ಅವುಗಳಲ್ಲಿ ಕೆಲವು ಮತ್ತೆ ಚೇತರಿಸಿಕೊಂಡವು. ಬೇಸಗೆಯ ಸಂಜೆಗಳಲ್ಲಿ ಚೌಕಗಳಲ್ಲಿ ನಡೆಯುವ ಉಚಿತ ಕಚೇರಿಗಳೇ ಈ ಚೇತರಿಕೆಗೆ ಕಾರಣವೆಂದು ಅನೇಕರು ನಂಬಿದ್ದಾರೆ. ಈ ನಂಬಿಕೆಯಲ್ಲಿ ಸತ್ಯಾಂಶ ಎಷ್ಟಿದೆ ಎಂಬುದನ್ನು ಪರಿಶೀಲಿಸಬೇಕಾಗಿದೆ.

೧. ಬ್ಯಾಂಡಿನ ಕಾಲ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಮಧ್ಯಪಶ್ಚಿಮ ಪ್ರಾಂತದ ಪಟ್ಟಣಗಳಲ್ಲಿ ಊರಿಗೊಂದು ಬ್ಯಾಂಡು ಇರುವುದು ವಾಡಿಕೆಯಾಗಿತ್ತು. ನ್ಯಾಯಾಲಯದ ಎದುರಿನ ಚೌಕದಲ್ಲಿ ಮರದ ವಾದ್ಯಮಂಟಪವೊಂದಿರುತ್ತಿತ್ತು. ವಾರಕ್ಕೊಮ್ಮೆ, ಬಹುಮಟ್ಟಿಗೆ ಶನಿವಾರದ ಸಂಜೆ, ಸುತ್ತಣ ರೈತರು ಕುಟುಂಬ ಸಮೇತರಾಗಿ ಪೇಟೆಗೆ ಬರುತ್ತಿದ್ದರು. ಅಂದು ಅಂಗಡಿಗಳು ರಾತ್ರಿಯವರೆಗೂ ತೆರೆದಿರುತ್ತಿದ್ದವು. ಸಂಗೀತ ಕೇಳಲು ಬಂದವನು ಉಪ್ಪು, ಬಟ್ಟೆ, ಮೊಳೆಗಳನ್ನು ಕೊಂಡು ಹಿಂದಿರುಗುತ್ತಿದ್ದನು. ಆದುದರಿಂದ ಬ್ಯಾಂಡಿನ ವೆಚ್ಚಕ್ಕೆ ಚಂದಾ ಕೊಡುವುದರಲ್ಲಿ ವರ್ತಕರೇ ಮುಂದಾಗಿದ್ದುದು ಆಶ್ಚರ್ಯವಲ್ಲ. ನಮ್ಮ ಸಂತೆಯನ್ನೂ ಜಾತ್ರೆಯನ್ನೂ ಬಲ್ಲವರಿಗೆ ಈ ಸಂಬಂಧವನ್ನು ವಿವರಿಸಿ ಹೇಳಬೇಕಾಗಿಲ್ಲ.

ಚಂದಾಹಣವು ನೆಚ್ಚತಕ್ಕ ಆಧಾರವಲ್ಲ. ಬೆಳೆ ಕೈಕೊಟ್ಟ ವರ್ಷ ಚಂದಾ ನಿಲ್ಲುತ್ತಿತ್ತು. ಚಂದಾ ನಿಂತರೆ ಬ್ಯಾಂಡೂ ನಿಲ್ಲುತ್ತಿತ್ತು. ಈ ತೊಡಕನ್ನು ನಿವಾರಿಸಲು ಅಯೋವ ರಾಜ್ಯವು ೧೯೨೧ರಲ್ಲಿ ಒಂದು ಶಾಸನವನ್ನು ಮಾಡಿತು. ಬ್ಯಾಂಡ್ ನಾಯಕ ಜಾರ್ಜ್ ಲ್ಯಾಂಡರ್ಸನ ಪ್ರಯತ್ನದಿಂದ ಜಾರಿಗೆ ಬಂದ ಈ ಕಾನೂನು, ಸಣ್ಣ ಪಟ್ಟಣಗಳು ಮತದಾರರ ಒಪ್ಪಿಗೆ ಪಡೆದು ಊರಿನ ಬ್ಯಾಂಡಿಗಾಗಿಯೇ ಆಸ್ತಿಯ ಮೇಲೆ ಅಲ್ಪ ಪ್ರಮಾಣದ ತೆರಿಗೆಯನ್ನು ವಿಧಿಸಬಹುದೆಂದು ಗೊತ್ತುಮಾಡಿತು. ಅಲ್ಲಿಯವರೆಗೆ ವರ್ತಕರ ಔದಾರ್ಯವನ್ನು ಅವಲಂಬಿಸಿದ್ದ ಸಂಗೀತವು ಬೀದಿಯ ದೀಪದಂತೆ, ಕುಡಿಯುವ ನೀರಿನಂತೆ ಪುರಸಭೆಯ ಹೊಣೆಯಾಯಿತು. ಅನೇಕ ರಾಜ್ಯಗಳು ಇದೇ ಬಗೆಯ ಕಾನೂನುಗಳನ್ನು ಮಾಡಿದವು. ಅಯೋವದ ಫೋರ್ಟ್ ಡಾಡ್ಜ್ ಪಟ್ಟಣದಲ್ಲಿ ೧೯೨೦ರಲ್ಲಿ ನೆಲಸಿದ ವಾದ್ಯರಚನಕಾರ ಕಾರ್ಲ್ ಕಿಂಗ್, ತನ್ನ ಒಂದು ನಡೆಗೀತೆಗೆ ಈ ಕಾನೂನಿನ ಹೆಸರನ್ನೇ ಇಟ್ಟನು. ತೆರಿಗೆಯ ಶಾಸನವೊಂದು ಸಂಗೀತಕೃತಿಯ ಹೆಸರಾದ ಉದಾಹರಣೆಗಳು ಪ್ರಪಂಚದಲ್ಲಿ ಹೆಚ್ಚಿರಲಾರವು.

೨. ಯಂತ್ರ ಮತ್ತು ವಾದ್ಯಗಾರ

ಬ್ಯಾಂಡಿಗೆ ಮೊದಲ ಪೆಟ್ಟು ಬಿದ್ದುದು ಯಂತ್ರದಿಂದ. ಗ್ರಾಮಫೋನು, ರೇಡಿಯೋ, ಮಾತಿನ ಚಲನಚಿತ್ರ ಇವು ಬಂದ ಮೇಲೆ ಸಂಗೀತಕ್ಕಾಗಿ ಪೇಟೆಗೆ ಹೋಗುವ ಅಗತ್ಯ ಕಡಿಮೆಯಾಯಿತು. ಸಾವಿರಾರು ವಾದ್ಯಗಾರರು ಕೆಲಸ ಕಳೆದುಕೊಂಡರು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ೧೯೩೫ರಿಂದ, ಕೇಂದ್ರ ಸರ್ಕಾರವು ನಿಕೊಲಾಯ್ ಸೊಕೊಲಾಫ್‌ನ ನೇತೃತ್ವದಲ್ಲಿ ಸಂಗೀತ ಯೋಜನೆಯೊಂದನ್ನು ಆರಂಭಿಸಿ, ನಿರುದ್ಯೋಗಿಗಳಾದ ವಾದ್ಯಗಾರರಿಂದ ಉಚಿತವಾಗಿಯೂ ಅಲ್ಪ ಶುಲ್ಕಕ್ಕೂ ಕಚೇರಿಗಳನ್ನು ಮಾಡಿಸಿತು. ಯುದ್ಧ ಬಂದ ಮೇಲೆ ಆ ಏರ್ಪಾಡು ಕೊನೆಗೊಂಡಿತು.

ಇದಾದ ಮೇಲೆ ನಡೆದ ಸಂಗತಿ ಹೆಚ್ಚು ಗಮನಾರ್ಹವಾದುದು. ಜೇಮ್ಸ್ ಪೆಟ್ರಿಲೊ ಎಂಬ ನಾಯಕನ ಕೈಕೆಳಗಿದ್ದ ವಾದ್ಯಗಾರರ ಸಂಘವು ೧೯೪೨ರ ಆಗಸ್ಟಿನಲ್ಲಿ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತು. ಯಂತ್ರವು ಮನುಷ್ಯನ ಸಂಗೀತವನ್ನು ನುಂಗುತ್ತಿದೆಯಾದುದರಿಂದ, ಯಂತ್ರದ ಲಾಭದಲ್ಲಿ ಒಂದು ಪಾಲು ಮನುಷ್ಯನಿಗೆ ಹಿಂದಿರುಗಬೇಕೆಂಬುದು ಸಂಘದ ವಾದ. ದೊಡ್ಡ ಕಂಪೆನಿಗಳು ೧೯೪೪ರ ನವೆಂಬರಿನಲ್ಲಿ ಮಣಿದವು. ಸಂಘವೇ ನೇರವಾಗಿ ನಿಧಿಯನ್ನು ನಡೆಸುವುದನ್ನು ೧೯೪೭ರ ಟ್ಯಾಫ್ಟ್–ಹಾರ್ಟ್ಲಿ ಕಾನೂನು ತಡೆದುದರಿಂದ ೧೯೪೮ರಲ್ಲಿ ಮತ್ತೊಮ್ಮೆ ಬಹಿಷ್ಕಾರ ನಡೆಯಿತು. ಆ ವರ್ಷದ ಕೊನೆಗೆ ಆದ ಒಪ್ಪಂದದಂತೆ, ಮಾರಾಟವಾದ ಪ್ರತಿ ಗ್ರಾಮಫೋನ್ ತಟ್ಟೆಗೂ ಒಂದು ಸಣ್ಣ ಪಾಲು ಸ್ವತಂತ್ರ ಧರ್ಮದರ್ಶಿಯೊಬ್ಬನ ಆಡಳಿತದಲ್ಲಿರುವ ನಿಧಿಗೆ ಸೇರತಕ್ಕದ್ದೆಂದೂ, ಆ ಹಣವನ್ನು ಸಾರ್ವಜನಿಕರಿಗೆ ಉಚಿತವಾದ ಕಚೇರಿಗಳಿಗಾಗಿಯೇ ವೆಚ್ಚ ಮಾಡತಕ್ಕದ್ದೆಂದೂ ನಿಶ್ಚಯವಾಯಿತು. ಉದ್ಯಾನಗಳಲ್ಲಿ, ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ನಡೆದ ಎಷ್ಟೋ ಕಚೇರಿಗಳ ವಾದ್ಯಗಾರರಿಗೆ ಸಂಭಾವನೆ ಬಂದುದು ಈ ನಿಧಿಯಿಂದ. ಕೇಳುಗನಿಗೆ ದಾನದಂತೆ ಕಂಡ ಸಂಗೀತವು ವಾಸ್ತವವಾಗಿ ಕೆಲಸಗಾರರ ಹೋರಾಟದ ಫಲವಾಗಿತ್ತು.

೩. ಪೇಟೆ ಬರಿದಾದ ಬಗೆ

ಸಂಗೀತಕ್ಕೆ ಹಣ ದೊರೆತರೂ ಅದು ನಡೆಯಬೇಕಾಗಿದ್ದ ಪೇಟೆಯೇ ಇಷ್ಟರಲ್ಲಿ ಕುಸಿಯುತ್ತಿತ್ತು. ೧೯೫೬ರಲ್ಲಿ ಎರಡು ಸಂಗತಿಗಳು ನಡೆದವು. ಆ ವರ್ಷದ ಹೆದ್ದಾರಿ ಕಾನೂನು ೪೧,೦೦೦ ಮೈಲಿಗಳ ರಾಷ್ಟ್ರೀಯ ಹೆದ್ದಾರಿ ಜಾಲಕ್ಕೆ ಹಣ ಒದಗಿಸಿತು. ಅದೇ ವರ್ಷ ಮಿನೆಸೋಟ ರಾಜ್ಯದ ಈಡೈನ ಎಂಬಲ್ಲಿ, ವಿಯೆನ್ನಾದಿಂದ ವಲಸೆ ಬಂದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ರಚಿಸಿದ 'ಸೌತ್‌ಡೇಲ್' ಎಂಬ ಸಂಪೂರ್ಣ ಮುಚ್ಚಿದ ಮಾಲ್ ತೆರೆಯಿತು. ಹೆದ್ದಾರಿಯು ಪೇಟೆಯನ್ನು ಬಳಸಿಕೊಂಡು ಹೋಯಿತು. ಗಿರಾಕಿಯು ಹೆದ್ದಾರಿಯನ್ನು ಹಿಡಿದು ಮಾಲಿಗೆ ಹೋದನು.

ಮಾಲಿಗೂ ಪೇಟೆಗೂ ಇದ್ದ ಒಂದು ಆಡಳಿತ ಭೇದವನ್ನು ಇಲ್ಲಿ ಗಮನಿಸಬೇಕು. ಮಾಲಿಗೆ ಒಡೆಯನೊಬ್ಬನೇ. ಮಳಿಗೆ ಹಿಡಿದವರೆಲ್ಲರೂ ಬಾಡಿಗೆಯೊಡನೆ ಪ್ರಚಾರಕ್ಕೂ ಸಮಾರಂಭಗಳಿಗೂ ತಮ್ಮ ಪಾಲನ್ನು ಕೊಡಬೇಕೆಂದು ಕರಾರಿನಲ್ಲಿಯೇ ಬರೆದಿರುತ್ತಿತ್ತು. ಪೇಟೆಬೀದಿಯಲ್ಲಾದರೋ ನೂರು ಕಟ್ಟಡಗಳಿಗೆ ನೂರು ಒಡೆಯರು. ಒಬ್ಬನು ಕಚೇರಿಗೆ ಹಣ ಕೊಟ್ಟರೆ ಕೊಡದ ನೆರೆಯವನಿಗೂ ಲಾಭ. ಆದುದರಿಂದ ಕೊಡುವವರು ಬರಬರುತ್ತ ಕಡಿಮೆಯಾದರು.

ಪೇಟೆಗಳು ಮಾಲನ್ನು ಅನುಕರಿಸಲು ಹೊರಟುದೂ ಉಂಟು. ಮಿಶಿಗನ್ ರಾಜ್ಯದ ಕಲಮಜೂ ನಗರವು ೧೯೫೯ರಲ್ಲಿ ತನ್ನ ಮುಖ್ಯ ಬೀದಿಗೆ ವಾಹನಗಳನ್ನು ನಿಷೇಧಿಸಿ ಅದನ್ನು ನಡೆದಾಡುವವರ ಬೀದಿಯನ್ನಾಗಿ ಮಾಡಿತು. ಅನೇಕ ಊರುಗಳು ಇದನ್ನೇ ಅನುಸರಿಸಿದವು. ಗಿಡ, ಕಾರಂಜಿ, ಬೆಂಚುಗಳನ್ನಿಟ್ಟು ಸಮಾರಂಭಗಳನ್ನು ಏರ್ಪಡಿಸಿದರೂ ಹೆಚ್ಚಿನ ಕಡೆ ಅಂಗಡಿಗಳು ತುಂಬಲಿಲ್ಲ. ಕಲಮಜೂ ನಗರವೇ ೧೯೯೮ರಲ್ಲಿ ಆ ಬೀದಿಗೆ ಮತ್ತೆ ವಾಹನಗಳನ್ನು ಬಿಟ್ಟಿತು. ಮೇಲಿನ ಅಲಂಕಾರದಿಂದ ಒಳಗಿನ ಕ್ಷಯ ವಾಸಿಯಾಗದೆಂಬುದಕ್ಕೆ ಇದು ಸಾಕ್ಷಿ.

೪. ಮೂರು ಪಟ್ಟಣಗಳ ಪ್ರಯೋಗ

ಐತಿಹಾಸಿಕ ಕಟ್ಟಡಗಳ ರಕ್ಷಣೆಗಾಗಿ ೧೯೪೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನ್ಯಾಸವು ೧೯೭೭ರಲ್ಲಿ ಮೇರಿ ಮೀನ್ಸ್ ಎಂಬಾಕೆಯ ನೇತೃತ್ವದಲ್ಲಿ ಮೂರು ಪಟ್ಟಣಗಳನ್ನು ಆರಿಸಿ ಪ್ರಯೋಗವೊಂದನ್ನು ಕೈಕೊಂಡಿತು. ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ರೈಲ್ವೆಯಿಂದ ಬೆಳೆದ ಊರು. ೧೮೫೮ರಲ್ಲಿ ಲಿಂಕನ್ ಮತ್ತು ಡಗ್ಲಸರ ವಾದಗಳಲ್ಲಿ ಒಂದು ನಡೆದುದು ಅಲ್ಲಿ. ದಕ್ಷಿಣ ಡಕೋಟದ ಹಾಟ್ ಸ್ಪ್ರಿಂಗ್ಸ್ ಬಿಸಿನೀರಿನ ಬುಗ್ಗೆಗಳಿಗೂ ಮರಳುಗಲ್ಲಿನ ಕಟ್ಟಡಗಳಿಗೂ ಹೆಸರಾದುದು. ಇಂಡಿಯಾನದ ಮ್ಯಾಡಿಸನ್ ಒಹಾಯೊ ನದಿಯ ದಡದಲ್ಲಿ ಹಡಗಿನ ವ್ಯಾಪಾರದಿಂದ ಏಳಿಗೆಗೆ ಬಂದು, ರೈಲುಗಳು ಬೇರೆ ಊರುಗಳನ್ನು ಬೆಳೆಸಿದ ಮೇಲೆ ಹಿಂದೆ ಬಿದ್ದ ಪಟ್ಟಣ. ೧೯೭೦ರಲ್ಲಿ ಇವುಗಳ ಜನಸಂಖ್ಯೆ ಕ್ರಮವಾಗಿ ಸುಮಾರು ೩೬,೦೦೦, ೪,೪೦೦ ಮತ್ತು ೧೩,೦೦೦.

ಮ್ಯಾಡಿಸನ್ನಿನ ನಿದರ್ಶನ ನಮ್ಮ ಪ್ರಶ್ನೆಗೆ ವಿಶೇಷವಾಗಿ ಉಪಯುಕ್ತವಾದುದು. ಅಲ್ಲಿ ೧೯೭೧ರಿಂದಲೇ 'ಶಟಾಕ್ವ' ಎಂಬ ವಾರ್ಷಿಕ ಕಲೋತ್ಸವವು ನಡೆಯುತ್ತಿತ್ತು. ಉತ್ಸವದ ದಿನಗಳಲ್ಲಿ ಹಳೆಯ ಬೀದಿಗಳು ತುಂಬುತ್ತಿದ್ದವು. ಆದರೂ ಆರು ವರ್ಷಗಳ ತರುವಾಯ ಆ ಪಟ್ಟಣವು ಈ ಪ್ರಯೋಗದ ಸಹಾಯವನ್ನು ಬಯಸಿತು. ಹೊಸ ಅಂಗಡಿಗಳು ಗುಡ್ಡದ ಮೇಲಿನ ಹೆದ್ದಾರಿಯ ಬದಿಗೆ ಹೋಗುತ್ತಿದ್ದವು. ನದಿಯ ದಡದ ಪೇಟೆಗೆ ಉತ್ಸವವೊಂದೇ ಸಾಲದಾಗಿತ್ತು.

ಪ್ರಯೋಗದಿಂದ ರೂಪುಗೊಂಡ ಕ್ರಮಕ್ಕೆ ನಾಲ್ಕು ಅಂಗಗಳು: ಸಂಘಟನೆ, ಕಟ್ಟಡಗಳ ವಿನ್ಯಾಸ, ಪ್ರಚಾರ, ಆರ್ಥಿಕ ಪುನರ್ರಚನೆ. ಪ್ರತಿ ಪಟ್ಟಣಕ್ಕೂ ಸಂಬಳದ ವ್ಯವಸ್ಥಾಪಕನೊಬ್ಬನನ್ನು ನೇಮಿಸಲಾಯಿತು. ನೂರು ಒಡೆಯರ ಪೇಟೆಗೆ ಮಾಲಿನ ಒಬ್ಬ ಒಡೆಯನ ಅನುಕೂಲವನ್ನು ದೊರಕಿಸಿಕೊಡುವ ಉಪಾಯವಿದು. ಹಿಂದಿನ ದಶಕಗಳಲ್ಲಿ ಮುಂಭಾಗಗಳಿಗೆ ಹೊಡೆದಿದ್ದ ಅಲ್ಯುಮಿನಿಯಮ್ ತಗಡುಗಳನ್ನು ತೆಗೆದು, ಒಳಗೆ ಮರೆಯಾಗಿದ್ದ ಇಟ್ಟಿಗೆ ಮತ್ತು ಎರಕದ ಕೆಲಸಗಳನ್ನು ಬೆಳಕಿಗೆ ತರುವುದು ಆತನ ಕೆಲಸಗಳಲ್ಲೊಂದು. ಉಚಿತ ಕಚೇರಿಯೂ ಉತ್ಸವವೂ 'ಪ್ರಚಾರ'ವೆಂಬ ಮೂರನೆಯ ಅಂಗಕ್ಕೆ ಸೇರಿದವು. ಅವು ನಾಲ್ಕರಲ್ಲಿ ಒಂದು ಮಾತ್ರ. ಐತಿಹಾಸಿಕ ಕಟ್ಟಡಗಳ ದುರಸ್ತಿಗೆ ೧೯೮೧ರ ಕಾನೂನು ವೆಚ್ಚದ ಶೇಕಡ ೨೫ರಷ್ಟು ತೆರಿಗೆ ವಿನಾಯಿತಿಯನ್ನು ಕೊಟ್ಟುದು ಈ ಕಾರ್ಯಕ್ಕೆ ಬಲ ತಂದಿತು. ೧೯೮೬ರಲ್ಲಿ ಅದು ಶೇಕಡ ೨೦ಕ್ಕೆ ಇಳಿಯಿತು. ೧೯೮೦ರಲ್ಲಿ ಆರು ರಾಜ್ಯಗಳಿಗೆ ವಿಸ್ತರಿಸಿದ ಈ ಯೋಜನೆಯನ್ನು ಈಗ ಸಾವಿರಕ್ಕೂ ಹೆಚ್ಚು ಊರುಗಳು ಅನುಸರಿಸುತ್ತಿವೆ.

೫. ದಾನಿಯ ಪುನರಾಗಮನ

ಈಚಿನ ದಶಕಗಳಲ್ಲಿ ಖಾಸಗಿ ದತ್ತಿಗಳು ಮತ್ತೆ ಮುಂದೆ ಬಂದಿವೆ. ಅಂಗಿಗಳ ವ್ಯಾಪಾರದಿಂದ ಧನಿಕನಾದ ಮಾರ್ಟಿಮರ್ ಲೆವಿಟ್‌ನ ನೆರವಿನಿಂದ ೧೯೭೪ರಲ್ಲಿ ಕನೆಟಿಕಟ್ ರಾಜ್ಯದ ವೆಸ್ಟ್‌ಪೋರ್ಟಿನಲ್ಲಿ ಬಯಲು ಸಂಗೀತಮಂಟಪವೊಂದು ತೆರೆಯಿತು. ಅವನ ಹೆಸರಿನ ಪ್ರತಿಷ್ಠಾನವು ೨೦೧೫ರಿಂದ ಸಣ್ಣ ಪಟ್ಟಣಗಳಿಗೆ, ಹತ್ತು ಉಚಿತ ಕಚೇರಿಗಳ ಒಂದು ಮಾಲೆಗಾಗಿ, ೨೫,೦೦೦ ಡಾಲರುಗಳವರೆಗೆ ಸಹಾಯಧನ ಕೊಡತೊಡಗಿತು. ಅಷ್ಟೇ ಮೊತ್ತಕ್ಕೆ ಸರಿಹೊಂದುವ ನೆರವನ್ನು ಊರೂ ಕೂಡಿಸಬೇಕೆಂಬುದು ಕರಾರು. ಪಾಳುಬಿದ್ದ ನಿವೇಶನಗಳೂ ಬಳಕೆಯಿಲ್ಲದ ಚೌಕಗಳೂ ಇದರಿಂದ ಜನಸಂಚಾರವನ್ನು ಕಂಡಿವೆ. ಮೊದಲು ವರ್ಷ ವರ್ಷಕ್ಕೆ ಕೊಡುತ್ತಿದ್ದ ಸಹಾಯವನ್ನು ಪ್ರತಿಷ್ಠಾನವು ತರುವಾಯ ಹಲವು ವರ್ಷಗಳ ಅವಧಿಗೆ ವಿಸ್ತರಿಸಿತು. ಅಯೋವದ ಪಟ್ಟಣಗಳು ೧೯೨೧ರಲ್ಲಿ ಕಂಡುಕೊಂಡಿದ್ದ ಪಾಠವನ್ನು, ಎಂದರೆ ಸ್ಥಿರತೆಯಿಲ್ಲದ ಹಣದಿಂದ ಸ್ಥಿರವಾದ ಫಲ ಬಾರದೆಂಬುದನ್ನು, ಇದು ಇನ್ನೊಂದು ಮಾರ್ಗದಿಂದ ದೃಢಪಡಿಸುತ್ತದೆ.

೬. 'ಉಚಿತ'ವೆಂಬ ಮಾತಿನ ಮಿತಿ

ಬೆಲೆಯಿಲ್ಲದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ತಿಳಿಯಬಾರದು. ದಕ್ಷಿಣ ರಾಜ್ಯಗಳ ಅನೇಕ ಉದ್ಯಾನಗಳಿಗೆ ಕರಿಯರ ಪ್ರವೇಶವಿರಲಿಲ್ಲ. ಜಾರ್ಜಿಯ ರಾಜ್ಯದ ಮೇಕನ್ ನಗರದಲ್ಲಿ ಸೆನೆಟರ್ ಆಗಸ್ಟಸ್ ಬೇಕನ್ ಎಂಬಾತನು ಬಿಳಿಯರಿಗೆಂದೇ ಬಿಟ್ಟುಹೋದ ಉದ್ಯಾನದಲ್ಲಿ ಈ ಭೇದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ೧೯೬೬ರಲ್ಲಿ ತೀರ್ಪಿತ್ತಿತು. ಹಾಗಾದರೆ ದಾನಿಯ ಇಚ್ಛೆ ನೆರವೇರಲಾರದಾಗಿ ಭೂಮಿಯು ಅವನ ವಾರಸುದಾರರಿಗೆ ಹಿಂದಿರುಗಬಹುದೆಂಬ ರಾಜ್ಯ ನ್ಯಾಯಾಲಯದ ತೀರ್ಮಾನವನ್ನು ೧೯೭೦ರಲ್ಲಿ ಅದೇ ನ್ಯಾಯಾಲಯವು ಎತ್ತಿಹಿಡಿಯಿತು. ಎಲ್ಲರೊಡನೆ ಹಂಚಿಕೊಳ್ಳಬೇಕಾಗಿ ಬಂದಾಗ ಉದ್ಯಾನವೇ ಇಲ್ಲವಾಯಿತು. ಮಾಲಿನ ಅಂಗಳಕ್ಕೂ ಇಂಥದೇ ಮಿತಿಯುಂಟು: ಕರಪತ್ರ ಹಂಚುವವರನ್ನು ಮಾಲಿನ ಒಡೆಯನು ಹೊರಗಿಡಬಹುದೆಂದು ೧೯೭೨ರಲ್ಲಿ ತೀರ್ಪಾಯಿತು. ಇದನ್ನು ನೋಡಿದರೆ, ಪುರಸಭೆಯ ಚೌಕದಲ್ಲಿ ನಡೆಯುವ ಕಚೇರಿಯು ಮಾಲಿನ ಕಚೇರಿಗಿಂತ ಬೇರೆ ಜಾತಿಯದೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿ ನಿಲ್ಲಲು ಗಿರಾಕಿಯಾಗಿರಬೇಕಾಗಿಲ್ಲ. ಊರಿನವನಾಗಿದ್ದರೆ, ದಾರಿಹೋಕನಾಗಿದ್ದರೂ, ಸಾಕು.

೭. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಹೊರಡುವ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳಬಹುದು. ಉಚಿತ ಸಂಗೀತವು ಜನರನ್ನು ಹಳೆಯ ಪೇಟೆಗೆ ಕರೆತರಬಲ್ಲುದು. ಪೇಟೆಯು ತಮ್ಮದೆಂಬ ಭಾವವನ್ನು ಅವರಲ್ಲಿ ಮತ್ತೆ ಹುಟ್ಟಿಸಬಲ್ಲುದು. ಬಂದವರು ಮಾರನೆಯ ದಿನವೂ ಬರಬೇಕಾದರೆ ತೆರೆದ ಅಂಗಡಿ, ದುರಸ್ತಿಯಾದ ಮಹಡಿ, ಅಲ್ಲಿ ವಾಸಿಸುವ ಸಂಸಾರ ಇವು ಇರಬೇಕು. ಚಂದಾ, ತೆರಿಗೆ, ತಟ್ಟೆಯ ಪಾಲು, ದತ್ತಿ ಎಂಬ ನಾಲ್ಕು ವಿಧದ ಏರ್ಪಾಡುಗಳಲ್ಲಿ ಊರಿನವರೇ ಮತ ಕೊಟ್ಟು ತಮ್ಮ ಮೇಲೆ ಹೇರಿಕೊಂಡ ತೆರಿಗೆಯು ಅತ್ಯಂತ ಪ್ರಜಾಸತ್ತಾತ್ಮಕವಾದುದೆಂದು ನಮಗೆ ತೋರುತ್ತದೆ. ಅದರಲ್ಲಿ ಕೇಳುಗನೇ ದಾನಿ. ಆದುದರಿಂದ ಅವನು ಯಾರ ಹಂಗಿಗೂ ಒಳಗಾಗನು.

ನಮ್ಮ ಊರುಗಳ ಹಳೆಯ ಪೇಟೆಗಳಲ್ಲಿಯೂ ರಾಮನವಮಿ, ಗಣೇಶೋತ್ಸವಗಳ ಸಂದರ್ಭದಲ್ಲಿ ಬೀದಿಯ ಚಪ್ಪರದ ಕೆಳಗೆ ಉಚಿತ ಕಚೇರಿಗಳು ನಡೆದು ಬಂದಿವೆ. ಅವುಗಳ ಚಂದಾಪುಸ್ತಕಗಳು, ಲೆಕ್ಕಪತ್ರಗಳು, ಕರಪತ್ರಗಳು ಇನ್ನೂ ಕೆಲವರ ಮನೆಗಳಲ್ಲಿ ಉಳಿದಿರುವುದು ಸಾಧ್ಯ. ಅವು ಗೆದ್ದಲಿನ ಪಾಲಾಗುವ ಮೊದಲು ನಮ್ಮ ವಿದ್ಯಾರ್ಥಿಗಳು ಅವನ್ನು ಸಂಗ್ರಹಿಸಿ, ರಂಗಭೋಗದ ಶಾಸನಗಳನ್ನು ಓದುವ ಶ್ರದ್ಧೆಯಿಂದಲೇ ಓದಿದರೆ, ಪೇಟೆಗಳ ಚರಿತ್ರೆಗೆ ಅದೊಂದು ಬೆಲೆಯುಳ್ಳ ಆಕರವಾದೀತು.